ಚೀಟಿಯಲ್ಲಿ ಬಂದ ವಾದ

ಕಳೆದ ವರ್ಷದ ಚರ್ಚಾಸ್ಪರ್ಧೆಯ ವಿಷಯ ‘ಕಾಲೇಜು ಓದಿಗಿಂತ ಕೈಕಸುಬೇ ಮೇಲು’. ಚೀಟಿ ಎತ್ತಿದಾಗ ನನಗೆ ‘ಪರ’ ಬಂತು. ನನಗೆ ಆ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಆದರೂ ಜೋರಾಗಿ ವಾದಿಸಿ ಮೊದಲ ಬಹುಮಾನ ಪಡೆದೆ. ಮನೆಗೆ ಬಂದು ಅಮ್ಮಿಯ ಮುಂದೆ ಇಡೀ ಭಾಷಣವನ್ನು ಮತ್ತೊಮ್ಮೆ ಮಾಡಿ ತೋರಿಸಿದೆ. ತಮ್ಮ ಮೂಲೆಯಲ್ಲಿ ಕೂತು ಕೇಳುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋದ ದಿನ ಅವನು ನನ್ನ ಮಾತುಗಳನ್ನೇ ಒಂದೊಂದಾಗಿ ನನಗೆ ಒಪ್ಪಿಸಿದ. “ನೀನೇ ಹೇಳಿದ್ದಲ್ವಾ ಭಾಯಿ?” ಎಂದ. ಮರುವಾರ ಗ್ಯಾರೇಜಿಗೆ ಸೇರಿದ.

ವಕೀಲನಾಗಬೇಕೆಂಬುದು ನನ್ನ ಆಸೆ. ಅದನ್ನು ತಿಳಿದ ನಮ್ಮ ರಾಜ್ಯಶಾಸ್ತ್ರದ ಸರ್ ಒಂದು ದಿನ ಥ್ಯಾಡಿಯಸ್ ಸ್ಟೀವನ್ಸ್ ಬಗ್ಗೆ ಓದಲು ಹೇಳಿದರು. 1792ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಹುಟ್ಟಿದವರು. ಹುಟ್ಟಿನಿಂದಲೇ ಒಂದು ಪಾದ ತಿರುಚಿಕೊಂಡಿತ್ತು. ತಂದೆ ಮನೆ ಬಿಟ್ಟು ಹೋದರು, ತಾಯಿ ದುಡಿದು ಓದಿಸಿದರು. ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್‌ನಲ್ಲಿ ವಕೀಲಿ ಶುರು ಮಾಡಿದರು.

1821ರಲ್ಲಿ ಚಾರಿಟಿ ಬಟ್ಲರ್ ಎಂಬ ಗುಲಾಮ ಮಹಿಳೆ ತನಗೂ ತನ್ನ ಮಕ್ಕಳಿಗೂ ಬಿಡುಗಡೆ ಬೇಕೆಂದು ಹೂಡಿದ್ದ ಮೊಕದ್ದಮೆಯಲ್ಲಿ ಸ್ಟೀವನ್ಸ್ ವಾದಿಸಿದ್ದು ಒಡೆಯನ ಪರವಾಗಿ. ಅವರೇ ಗೆದ್ದರು. ಆ ತಾಯಿ ಗುಲಾಮಳಾಗಿಯೇ ಉಳಿದಳು.

ಅಲ್ಲಿಗೇ ನಾನು ಪುಸ್ತಕ ಮುಚ್ಚಿಟ್ಟೆ. ಮರುದಿನ ಮುಂದೆ ಓದಿದೆ.

ಅದೇ ವಕೀಲ ಮುಂದೆ ಒಡೆಯರಿಂದ ತಪ್ಪಿಸಿಕೊಂಡು ಬಂದ ಗುಲಾಮರ ಪರ ನಿಂತರು. ಪೆನ್ಸಿಲ್ವೇನಿಯಾದಲ್ಲಿ ಮಕ್ಕಳಿಗೆ ಪುಕ್ಕಟೆ ಕಲಿಕೆ ಬೇಕಿದ್ದರೆ ತಂದೆತಾಯಿ ತಾವು ಬಡವರೆಂದು ಬರೆಸಬೇಕಿತ್ತು. ಎಲ್ಲರಿಗೂ ಉಚಿತ ಶಾಲೆ ಎಂಬ 1834ರ ಕಾನೂನನ್ನು ಮರುವರ್ಷವೇ ರದ್ದು ಮಾಡಲು ಹೊರಟಾಗ, ಶಾಸನಸಭೆಯಲ್ಲಿ ಸ್ಟೀವನ್ಸ್ ಮಾಡಿದ ಭಾಷಣ ಅದನ್ನು ಉಳಿಸಿತು. ಅಂತರ್ಯುದ್ಧದ ನಂತರ ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯನ್ನು ಕೆಳಮನೆಯಲ್ಲಿ ಮುನ್ನಡೆಸಿದವರೂ ಅವರೇ. ಅದರಲ್ಲಿರುವ ‘ಕಾನೂನುಗಳ ಸಮಾನ ರಕ್ಷಣೆ’ ಎಂಬ ಮಾತು ನಮ್ಮ ಸಂವಿಧಾನದ 14ನೇ ವಿಧಿಯಲ್ಲೂ ಇದೆ. ನಾವು ಪರೀಕ್ಷೆಗೆ ಬಾಯಿಪಾಠ ಮಾಡುವುದು ಅದನ್ನೇ.

1868ರಲ್ಲಿ ಅವರು ತೀರಿಕೊಂಡರು. ಕರಿಯರು, ಬಿಳಿಯರು ಎಂಬ ಭೇದವಿಲ್ಲದ ಸ್ಮಶಾನವನ್ನೇ ಹುಡುಕಿ, ಅಲ್ಲೇ ತಮ್ಮನ್ನು ಮಣ್ಣು ಮಾಡುವಂತೆ ವ್ಯವಸ್ಥೆ ಮಾಡಿದ್ದರು.

ಇಷ್ಟೆಲ್ಲ ಮಾಡಿದರೂ ಚಾರಿಟಿ ಬಟ್ಲರ್ ಸೋತದ್ದು ಸೋತದ್ದೇ. ಒಳ್ಳೆಯ ಮಾತುಗಾರ ಯಾವ ಕಡೆ ನಿಂತರೂ ಗೆಲ್ಲಬಲ್ಲ. ಅದಕ್ಕೇ ಅವನು ನಿಲ್ಲುವ ಮೊದಲು ಎರಡು ಸಲ ಯೋಚಿಸಬೇಕು.

ಆ ರಾತ್ರಿ ತಮ್ಮನ ಪಕ್ಕ ಕೂತೆ. ಗ್ಯಾರೇಜ್ ಕೆಲಸ ಕೀಳಲ್ಲ, ಆದರೆ ಒಂದು ವಿಷಯ ಹೋಯಿತೆಂದು ಓದು ಬಿಡಬೇಡ, ಪೂರಕ ಪರೀಕ್ಷೆಗೆ ಕಟ್ಟು, ಗಣಿತ ನಾನು ಹೇಳಿಕೊಡುತ್ತೇನೆ ಎಂದೆ. ಅವನು ಕೈಯ ಗ್ರೀಸ್ ಒರೆಸುತ್ತಾ ಕೇಳಿದ:

“ಇದು ಚೀಟಿಯಲ್ಲಿ ಬಂದದ್ದಾ ಭಾಯಿ, ನಿಂದೇನಾ?”

“ನಂದೇ” ಎಂದೆ.

ಈಗ ರಾತ್ರಿ ಒಂದು ಗಂಟೆ ಇಬ್ಬರೂ ಲೆಕ್ಕ ಮಾಡುತ್ತೇವೆ.

— ದ್ವಿತೀಯ ಪಿಯುಸಿ, ಕಲಾ ವಿಭಾಗ