ನಾಲ್ಕೇ ಕಾರ್ಡಿನ ಸಂಸಾರ

ಸಿ, ಜಿ, ಎ ಮೈನರ್, ಎಫ್. ಗಿಟಾರು ಕಲಿಯಲು ಹೊರಟ ಯಾರಿಗಾದರೂ ಬೇಗನೆ ಎದುರಾಗುವ ಕಾರ್ಡುಗಳಿವು. ಕಾರ್ಡು ಎಂದರೆ ಹೆಚ್ಚೇನಿಲ್ಲ, ಮೂರು ಸ್ವರ ಒಟ್ಟಿಗೇ ನುಡಿಯುವುದು. ಮೊದಲ ಮೂರು ಅಷ್ಟಿಷ್ಟು ಸತಾಯಿಸಿ ಒಲಿಯುತ್ತವೆ. ಎಫ್ ಮಾತ್ರ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿ ಎನ್ನುತ್ತದೆ. ಹಿಡಿದರೆ ಎರಡು ತಂತಿ ನುಡಿಯುತ್ತವೆ, ಉಳಿದ ನಾಲ್ಕು ಟುಕ್ ಟುಕ್ ಎನ್ನುತ್ತವೆ. ಎಷ್ಟೋ ಮನೆಗಳಲ್ಲಿ ಗಿಟಾರು ಬೀರುವಿನ ಮೇಲೆ ಧೂಳು ತಿನ್ನುತ್ತಿರುವುದು ಈ ಎಫ್‌ನ ದೆಸೆಯಿಂದಲೇ ಎಂದು ನನಗೆ ಬಲವಾದ ಗುಮಾನಿ.

ಅದನ್ನು ದಾಟಿದವರಿಗೆ ಎಷ್ಟು ಹಾಡು ಸಿಗುತ್ತದೆ ಎಂದರೆ ಸ್ವಲ್ಪ ಸಂಕೋಚವೇ ಆಗಬೇಕು. ಬೀಟಲ್ಸ್‌ರ ‘ಲೆಟ್ ಇಟ್ ಬಿ’ ತೆರೆದುಕೊಳ್ಳುವುದು ಈ ನಾಲ್ಕರ ಮೇಲೆ. ಬಾಬ್ ಮಾರ್ಲಿಯ ‘ನೋ ವುಮನ್, ನೋ ಕ್ರೈ’ ಒರಗಿರುವುದೂ ಇವುಗಳಿಗೇ. ಶ್ರುತಿ ಬದಲಿಸಿಕೊಂಡರೆ ಯು2 ತಂಡದ ‘ವಿತ್ ಆರ್ ವಿದೌಟ್ ಯು’ ಕೂಡ ಇದೇ ಬೀದಿಯದು. ಆಸ್ಟ್ರೇಲಿಯಾದ ‘ಆಕ್ಸಿಸ್ ಆಫ್ ಆಸಮ್’ ಎಂಬ ಹಾಸ್ಯ ತಂಡವಂತೂ ನಾಲ್ಕೇ ಕಾರ್ಡು ಸುತ್ತಿಸುತ್ತಾ ಹತ್ತಾರು ಜನಪ್ರಿಯ ಹಾಡುಗಳ ತುಣುಕನ್ನು ಒಂದಕ್ಕೊಂದು ಅಂಟಿಸಿ ಹಾಡಿ, ಜಗತ್ತನ್ನೇ ನಗಿಸಿತು. ಜನ ನಕ್ಕರು. ಆಮೇಲೆ ಮನೆಗೆ ಹೋಗಿ ಅವೇ ಹಾಡುಗಳನ್ನು ಕೇಳಿದರು.

ಈ ನಗುವಿಗೆ ಬಲಿಯಾದವನು ನನ್ನ ಅಕ್ಕನ ಮಗ. ಎಂಜಿನಿಯರಿಂಗ್ ಓದುತ್ತಾ, ಓದಿಗಿಂತ ಹೆಚ್ಚಾಗಿ ಹಾಡು ಬರೆಯುತ್ತಾನೆ. ಒಂದು ಸಂಜೆ ಮುಖ ಸಪ್ಪೆ ಮಾಡಿಕೊಂಡು ಬಂದ. “ಮಾವ, ನನ್ನ ಹಾಡು ನನ್ನದೇ ಅಲ್ವಂತೆ. ಈ ಕಾರ್ಡ್ಸ್ ಎಲ್ಲಾ ಆಗಲೇ ಯಾರ್‍ಯಾರೋ ಬಳಸಿಬಿಟ್ಟಿದ್ದಾರಂತೆ.”

“ಹಾಗಾದ್ರೆ ನಿನ್ನ ಮೇಲೆ ಕೇಸು ಹಾಕಬೇಕಾಯ್ತು” ಅಂದೆ.

ತಮಾಷೆಗೆ ಅಂದದ್ದಲ್ಲ, ಅಂಥದ್ದೊಂದು ಕೇಸು ನಿಜವಾಗಿಯೂ ನಡೆದಿದೆ. ಎಡ್ ಶೀರನ್ 2014ರಲ್ಲಿ ಹೊರತಂದ ‘ಥಿಂಕಿಂಗ್ ಔಟ್ ಲೌಡ್’, ಮಾರ್ವಿನ್ ಗೇ ಹಾಡಿದ 1973ರ ‘ಲೆಟ್ಸ್ ಗೆಟ್ ಇಟ್ ಆನ್’ ಹಾಡಿನ ನಕಲು ಎಂದು, ಹಳೆಯ ಹಾಡನ್ನು ಜೊತೆಗೂಡಿ ಬರೆದಿದ್ದ ಎಡ್ ಟೌನ್‌ಸೆಂಡ್‌ನ ವಾರಸುದಾರರು ದಾವೆ ಹೂಡಿದ್ದರು. ಜಗಳದ ಬೇರು ಇದ್ದದ್ದು ನಾಲ್ಕು ಕಾರ್ಡು ಮತ್ತು ಅವು ಬಂದು ಬೀಳುವ ಲಯದಲ್ಲಿ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಶೀರನ್ ಸಾಕ್ಷಿಕಟ್ಟೆಯಲ್ಲೇ ಗಿಟಾರು ಹಿಡಿದು, ಹಾಡು ಹುಟ್ಟಿದ ಬಗೆಯನ್ನು ಹಾಡಿ ತೋರಿಸಿದ. ನಮ್ಮ ಕೋರ್ಟುಗಳಲ್ಲಿ ಅರ್ಜಿದಾರರು ರಾಗಾಲಾಪನೆ ಮಾಡುವುದನ್ನು ಊಹಿಸಿಕೊಂಡು ನಾನು ಒಬ್ಬನೇ ನಕ್ಕಿದ್ದುಂಟು. ಜ್ಯೂರಿ ಅವನ ಪರ ನಿಂತಿತು. ಅದೇ ಹಾಡಿನ ಮೇಲಿದ್ದ ಮತ್ತೊಂದು ದಾವೆ 2024ರಲ್ಲಿ ಮೇಲ್ಮನವಿಯಲ್ಲೂ ಬಿದ್ದುಹೋಯಿತು.

ಅಮೆರಿಕದ ಜಾಝ್ ಮಂದಿಗೆ ಈ ಗುಟ್ಟು ಎಂದೋ ಗೊತ್ತಿತ್ತು. ಮಟ್ಟು ಕದ್ದರೆ ದುಡ್ಡು ಕೊಡಬೇಕು, ಕಾರ್ಡುಗಳಿಗೆ ಬಾಡಿಗೆಯಿಲ್ಲ. ಜಾರ್ಜ್ ಗರ್ಶ್ವಿನ್‌ನ 1930ರ ‘ಐ ಗಾಟ್ ರಿದಮ್’ ಹಾಡಿನ ಕಾರ್ಡುಗಳನ್ನು ಹಾಗೇ ಇಟ್ಟುಕೊಂಡು ಡ್ಯೂಕ್ ಎಲಿಂಗ್ಟನ್ 1940ರಲ್ಲಿ ‘ಕಾಟನ್ ಟೇಲ್’ ಕಟ್ಟಿದ, ಚಾರ್ಲಿ ಪಾರ್ಕರ್ ‘ಆಂಥ್ರಪಾಲಜಿ’ ನುಡಿಸಿದ, ಥೆಲೋನಿಯಸ್ ಮಂಕ್ ತನ್ನದೊಂದನ್ನು ಸೇರಿಸಿದ. ಮೂರನ್ನೂ ಕೇಳಿದವನಿಗೆ ಅವು ಒಂದೇ ಗರ್ಭದವು ಎಂದು ಯಾರಾದರೂ ಹೇಳಿಯೇ ತಿಳಿಯಬೇಕು.

ಹುಡುಗನಿಗೆ ಇಷ್ಟಕ್ಕೂ ಸಮಾಧಾನವಾಗಲಿಲ್ಲ. “ಅಲ್ಲಿಯವರದು ಬಿಡಿ ಮಾವ” ಅಂದ. ಸರಿ, ಇಲ್ಲಿಗೇ ಬರೋಣ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಭಾಮಿನಿ ಷಟ್ಪದಿಯ ನಡಿಗೆ ಇಷ್ಟೆ. ಕುಮಾರವ್ಯಾಸ ಹತ್ತು ಪರ್ವಗಳನ್ನು ಇದೇ ನಡಿಗೆಯಲ್ಲಿ ನಡೆಸಿದ. ದ್ರೌಪದಿಯ ಅಳುವೂ ಅದರಲ್ಲೇ, ಉತ್ತರಕುಮಾರನ ಬಡಾಯಿಯೂ ಅದರಲ್ಲೇ. ಚಾಮರಸ ಅದನ್ನೇ ಹಿಡಿದು ಅಲ್ಲಮನ ಕತೆ ಹೇಳಿದ, ತೊರವೆಯ ನರಹರಿ ರಾಮಾಯಣ ಹೇಳಿದ. ಯಾರೂ ಯಾರ ಮೇಲೂ ದಾವೆ ಹೂಡಲಿಲ್ಲ. ಭಾಮಿನಿಯಲ್ಲಿ ಬರೆದ ಎಲ್ಲರೂ ಕುಮಾರವ್ಯಾಸರಾಗಲೂ ಇಲ್ಲ, ಅದು ಬೇರೆ ಮಾತು.

ನನಗೆ ಈ ನಾಲ್ಕು ಕಾರ್ಡುಗಳ ನಿಜವಾದ ರುಚಿ ಹತ್ತಿದ್ದು ಒಂದು ಸೋಮಾರಿ ಆಟದಿಂದ. ಬಾಯಲ್ಲಿ ಷಡ್ಜ ಹಿಡಿದು ಅಲ್ಲಾಡದೆ ನಿಲ್ಲುವುದು, ಕೈ ಮಾತ್ರ ಕಾರ್ಡು ಬದಲಿಸುತ್ತಾ ಹೋಗುವುದು. ಸಿ ನುಡಿದಾಗ ಷಡ್ಜ ತನ್ನ ಮನೆಯ ಜಗುಲಿಯಲ್ಲಿ ಕೂತಂತಿರುತ್ತದೆ. ಜಿ ಬಂದದ್ದೇ ಅದಕ್ಕೆ ಇರುಸುಮುರುಸು; ಪಕ್ಕದಲ್ಲೇ ನಿಷಾದ ಬಂದು ಉಜ್ಜುತ್ತದೆ, ಷಡ್ಜಕ್ಕೆ ಒಂದು ಮೆಟ್ಟಿಲು ಕೆಳಗಿಳಿಯುವ ಆಸೆ. ಎ ಮೈನರ್ ಬಂದಾಗ ಅದೇ ಷಡ್ಜ ಕಾರ್ಡಿನ ನಡುವಿನ ಸ್ವರವಾಗಿ, ಸಾಧಾರಣ ಗಾಂಧಾರದ ದುಗುಡ ಹೊತ್ತುಕೊಳ್ಳುತ್ತದೆ. ಎಫ್‌ಗೆ ದಾಟಿದರೆ ಪಂಚಮವಾಗಿ ಎದೆಯುಬ್ಬಿಸಿ ನಿಲ್ಲುತ್ತದೆ. ಗಂಟಲು ಒಂದೆಳೆಯೂ ಸರಿದಿರುವುದಿಲ್ಲ! ತಂಬೂರಿಯ ಮುಂದೆ ಬೆಳೆದ ಕಿವಿಗೆ ಇದು ದೊಡ್ಡ ಸೋಜಿಗ. ನಮ್ಮಲ್ಲಿ ಶ್ರುತಿ ನಿಂತಿರುತ್ತದೆ, ರಾಗ ನಡೆಯುತ್ತದೆ. ಇಲ್ಲಿ ನಾವು ನಿಂತು ಕೆಳಗಿನ ನೆಲವನ್ನೇ ನಡೆಸಬಹುದು. ಬ್ರೆಜಿಲಿನ ಆಂಟೋನಿಯೋ ಕಾರ್ಲೋಸ್ ಜೋಬಿಂ ಈ ಚೋದ್ಯವನ್ನೇ ಹಾಡಾಗಿಸಿ ‘ಒಂದೇ ಸ್ವರದ ಸಾಂಬಾ’ ಮಾಡಿದ. ಪಲ್ಲವಿ ಬಹುಪಾಲು ಒಂದೇ ಸ್ವರದ ಮೇಲೆ ಕೂತಿರುತ್ತದೆ, ಕಾರ್ಡುಗಳು ಮಾತ್ರ ಕೆಳಗೆ ಜಾರುತ್ತಲೇ ಇರುತ್ತವೆ.

ಅಷ್ಟೇ ಅಲ್ಲ, ಅದೇ ನಾಲ್ಕನ್ನು ಎ ಮೈನರ್‌ನಿಂದ ಶುರುಮಾಡಿ: ಎ ಮೈನರ್, ಎಫ್, ಸಿ, ಜಿ. ಹಗಲಿದ್ದದ್ದು ಸಂಜೆಯಾಗುತ್ತದೆ. ಸಾಮಾನು ಹೊಸದಿಲ್ಲ, ಬಾಗಿಲು ಬೇರೆ.

ಹಾಗೆಂದು ನಾಲ್ಕು ಕಾರ್ಡಿನ ಹಾಡುಗಳೆಲ್ಲ ನನಗೆ ಪ್ರಿಯ ಎಂದಲ್ಲ. ಕಾರ್ಡು ಬದಲಾದ ತಾಳಕ್ಕೇ ಸರಿಯಾಗಿ ಮಾತೂ ಬದಲಾಗಿ, ಪ್ರತಿ ಸಾಲೂ ಕಾರ್ಡಿನ ಮೊದಲ ಸ್ವರದ ಮೇಲೇ ಬಂದು ಬಿದ್ದರೆ ಎರಡನೇ ಚರಣಕ್ಕೆ ಆಕಳಿಕೆ ಬರುತ್ತದೆ. ಹುಡುಗನ ಹಾಡಿಗೆ ಇದ್ದ ರೋಗ ಅದೇ. “ಸಾಲನ್ನ ಅರ್ಧ ತಾಳ ತಡವಾಗಿ ಎತ್ತು, ಕಾರ್ಡು ಬದಲಾಗೋವಾಗ ನೀನು ಮಾತಿನ ನಡುವೆ ಇರು” ಅಂದೆ. ಎತ್ತಿ ನೋಡಿದ. ಮಟ್ಟಿಗೆ ಉಸಿರು ಬಂತು. ಮತ್ತೆ ಹಾಡಿದ, ಈ ಸಲ ಗಂಟಲು ಬಿಟ್ಟು.

ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ಎದ್ದು ಬಂದಳು. ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದವಳು, ಕಿವಿ ಇನ್ನೂ ಚುರುಕು.

“ಚೆನ್ನಾಗಿದೆ ಕಣೋ. ಮೋಹನ ತಾನೆ? ಅದ್ರಲ್ಲಿ ಮಧ್ಯಮ, ನಿಷಾದ ಎಲ್ಲಿಂದ ಬಂದವು?”

ನಾವಿಬ್ಬರೂ ಮುಖ ನೋಡಿಕೊಂಡೆವು. ಅವಳು ಹಿಡಿದದ್ದು ಸರಿ. ಹುಡುಗ ಹಾಡಿದ್ದು ಸ ರಿ ಗ ಪ ದ, ಅಷ್ಟೇ. ಎಫ್ ಎಂಬುದು ಮಧ್ಯಮವನ್ನೂ ಜಿ ಎಂಬುದು ನಿಷಾದವನ್ನೂ ಕೇಳದೆಯೇ ಕರೆತಂದಿದ್ದವು.

“ಹಾಡೋನು ಮೋಹನದಲ್ಲಿದ್ದಾನೆ, ಬಾರಿಸೋನು ಶಂಕರಾಭರಣದಲ್ಲಿದ್ದಾನೆ” ಅಂದಳು ಅಕ್ಕ. “ಇಬ್ಬರೂ ಮೊದಲು ಕೂತು ಮಾತಾಡ್ಕೊಳ್ಳಿ.”

“ಅಮ್ಮಾ, ಇಬ್ಬರೂ ನಾನೇ” ಅಂದ ಅವನು.