ಮಕ್ಕಳಿಗೆ ದೆವ್ವದ ತಿಂಡಿ ಮಾಡಿಕೊಟ್ಟೆವು

ಈ ಸಲ ದಸರಾ ರಜೆಗೆ ನಮ್ಮ ಮನೆಯಲ್ಲಿ ಐದು ಮಕ್ಕಳು ಸೇರಿದ್ದವು. ಬಂದ ದಿನವೇ ಆರನೇ ಕ್ಲಾಸಿನ ಅಕ್ಕನ ಮಗ ಮೊಬೈಲ್ ತಂದು ಮುಖದ ಮುಂದೆ ಹಿಡಿದ. "ಮಾಮ, ಇದನ್ನ ಕೊಡಿಸ್ತೀಯಾ?" ಅಂದ. ನೋಡಿದರೆ ಹೊಗೆ ಬಿಸ್ಕೆಟ್. ಬಾಯಿಗೆ ಹಾಕಿಕೊಂಡರೆ ಮೂಗು, ಬಾಯಿಂದ ಬೆಳ್ಳಗೆ ಹೊಗೆ ಬರುವಂಥದ್ದು. "ದೆವ್ವದ ಥರಾ ಕಾಣ್ತದೆ" ಅಂತ ಉಳಿದ ನಾಲ್ಕೂ ಕುಣಿದವು.

ದಾವಣಗೆರೆ ಜಿಲ್ಲೆಯವರಿಗೆ ಈ ಬಿಸ್ಕೆಟ್ ಗೊತ್ತಿಲ್ಲದ್ದೇನಲ್ಲ. 2024ರಲ್ಲಿ ದಾವಣಗೆರೆಯಲ್ಲೇ ಇದನ್ನು ತಿಂದ ಹುಡುಗನೊಬ್ಬ ಒದ್ದಾಡಿದ ವಿಡಿಯೊ ದೇಶದ ತುಂಬ ಓಡಾಡಿತು. ಆ ಹೊಗೆ ಬರುವುದು ದ್ರವ ನೈಟ್ರೋಜನ್‌ನಿಂದ. ಅದರ ಶೀತ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಪೂರ್ತಿ ಆರಿ ಹೋಗುವ ಮೊದಲೇ ನಾಲಿಗೆ, ಗಂಟಲಿಗೆ ತಾಗಿದರೆ ಬೆಂಕಿಯ ಹಾಗೆಯೇ ಸುಡುತ್ತದೆ. ಹೊಟ್ಟೆಗೆ ಹೋದರೆ ಅಲ್ಲಿ ಅನಿಲವಾಗಿ ಸುಮಾರು 700 ಪಟ್ಟು ಹಿಗ್ಗುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಇಂಥ ತಿಂಡಿಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಅದಕ್ಕೂ ಮೊದಲು, ಮಾರ್ಚ್‌ನಲ್ಲಿ, ಬಾಂಬೆ ಮಿಠಾಯಿಗೆ ಹಾಕುವ ರೋಡಮಿನ್-ಬಿ ಬಣ್ಣ ನಿಷೇಧವಾಗಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ. ಆಗ ಪರೀಕ್ಷಿಸಿದ 25 ಬಾಂಬೆ ಮಿಠಾಯಿ ಮಾದರಿಗಳಲ್ಲಿ 15 ಅಸುರಕ್ಷಿತ ಎಂದು ಸರ್ಕಾರವೇ ಹೇಳಿತ್ತು.

ಇದನ್ನೆಲ್ಲ ಹುಡುಗನಿಗೆ ಹೇಳಿದೆವು. ಕೇಳಿಸಿಕೊಂಡ. ಆಮೇಲೆ, "ಹಂಗಾದ್ರೆ ನೀವೇ ಏನಾದ್ರೂ ಹೆದರಿಸೋ ತಿಂಡಿ ಮಾಡಿಕೊಡಿ" ಅಂದ. ನ್ಯಾಯವಾದ ಮಾತೇ. ಬೇಡ ಅಂದಮೇಲೆ ಬದಲಿಗೆ ಏನಾದರೂ ಕೊಡಬೇಕಲ್ಲ.

ಅಕ್ಟೋಬರ್ ಬಂತೆಂದರೆ ಮಕ್ಕಳ ಫೋನಿನ ತುಂಬ ಕುಂಬಳಕಾಯಿ ದೆವ್ವ. ಅಮೆರಿಕದವರು 31ನೇ ತಾರೀಖು ಹ್ಯಾಲೋವೀನ್ ಮಾಡುತ್ತಾರೆ. ಕುಂಬಳಕಾಯಿಗೆ ಕಣ್ಣು, ಹಲ್ಲು ಕೊರೆದು ಒಳಗೆ ದೀಪ ಇಡುತ್ತಾರೆ. ಐರ್ಲೆಂಡಿನಲ್ಲಿ ಮೊದಲು ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದರಂತೆ, ಅಲ್ಲಿಂದ ವಲಸೆ ಹೋದವರಿಗೆ ಅಮೆರಿಕದಲ್ಲಿ ಕುಂಬಳಕಾಯಿ ಸಿಕ್ಕಿತು. ಇದನ್ನು ಕೇಳಿ ನಮ್ಮ ಅಮ್ಮ ನಕ್ಕರು. "ಅದರಲ್ಲೇನು ಹೊಸದು? ನಾವು ಆಯುಧ ಪೂಜೆಗೆ ಬೂದುಗುಂಬಳ ಕುಯ್ದು ಕುಂಕುಮ ತುಂಬಲ್ವಾ? ಹೊಸ ಮನೆಗೆ ಮೀಸೆ ಬರೆದ ಕುಂಬಳಕಾಯಿ ಕಟ್ಟಲ್ವಾ?" ಹೌದಲ್ಲ ಅನಿಸಿತು. ಹೊಲದ ಬೆದರುಗೊಂಬೆ, ಬಾಗಿಲ ಮೇಲಿನ ದೃಷ್ಟಿಗೊಂಬೆ, ಎಲ್ಲ ನಮ್ಮವೇ. ಹೆದರಿಸುವ ಮುಖಕ್ಕೆ ನಾವು ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ.

ಮನೆಯಲ್ಲಿ ಏನಿದೆ ನೋಡಿ ನಾಲ್ಕು ತಿಂಡಿ ಗೊತ್ತು ಮಾಡಿದೆವು. ನೀವೂ ಮಾಡಬಹುದು ಅಂತ ಅಳತೆ ಸಮೇತ ಬರೆಯುತ್ತಿದ್ದೇವೆ.

ಮೊದಲನೆಯದು ಮಂಡಕ್ಕಿ ಬುರುಡೆ. ದಾವಣಗೆರೆ ಕಡೆಯವರಿಗೆ ಮಂಡಕ್ಕಿಗೇನು ಬರ! 1 ಲೋಟ ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಸೋಸಿ, ಪಾಕ ಮಾಡಿ. ಒಂದು ಹನಿ ನೀರಿಗೆ ಬಿಟ್ಟರೆ ಗಟ್ಟಿ ಉಂಡೆ ಆಗಬೇಕು. 5 ಲೋಟ ಗರಿಗರಿ ಮಂಡಕ್ಕಿ ಹಾಕಿ ಕಲಸಿ. ಪಾಕ ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಹಾಗಾಗಿ ಇಲ್ಲಿವರೆಗೆ ದೊಡ್ಡವರದೇ ಕೆಲಸ. ಕೈಗೆ ತಾಳುವಷ್ಟು ಬಿಸಿ ಇಳಿದ ಕೂಡಲೇ ಮಕ್ಕಳು ಕೈ ಒದ್ದೆ ಮಾಡಿಕೊಂಡು ಬೇಗ ಬೇಗ ಉಂಡೆ ಕಟ್ಟಬೇಕು, ಪೂರ್ತಿ ಆರಿದರೆ ಕಟ್ಟಲು ಬರುವುದಿಲ್ಲ. ಹೆಬ್ಬೆರಳಿಂದ ಎರಡು ಗುಳಿ ಒತ್ತಿ, ಒಣದ್ರಾಕ್ಷಿ ಇಟ್ಟರೆ ಕಣ್ಣು.

ಎರಡನೆಯದು ದೆವ್ವದ ಬೆರಳು. ಇದು ಕೋಡುಬಳೆ ಹಿಟ್ಟೇ. ಅಕ್ಕಿ ಹಿಟ್ಟು 2 ಲೋಟ, ಚಿರೋಟಿ ರವೆ ಕಾಲು ಲೋಟ, ಹುರಿಗಡಲೆ ಪುಡಿ ಕಾಲು ಲೋಟ, ಖಾರದ ಪುಡಿ, ಓಂಕಾಳು, ಉಪ್ಪು, 3 ಚಮಚ ಕಾದ ಎಣ್ಣೆ. ನೀರು ಹಾಕಿ ಗಟ್ಟಿಯಾಗಿ ಕಲಸಿ. ಬಳೆ ಮಾಡುವ ಬದಲು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳುದ್ದ ಕತ್ತರಿಸಿ. ಚಾಕುವಿನ ಬೆನ್ನಿಂದ ಗೆರೆ ಎಳೆದರೆ ಗೆಣ್ಣು. ತುದಿಗೆ ನೀರು ಹಚ್ಚಿ ಅರ್ಧ ಶೇಂಗಾ ಬೀಜ ಒತ್ತಿದರೆ ಉಗುರು. ದಪ್ಪ ಮಾಡಿದರೆ ಎಣ್ಣೆಯಲ್ಲಿ ಸಿಡಿಯಬಹುದು, ಆದ್ದರಿಂದ ತೆಳ್ಳಗೇ ಇರಲಿ. ಕರಿಯುವಾಗ ಮಕ್ಕಳು ಒಲೆಯಿಂದ ದೂರ ಇರಲಿ. ಉರಿ ಸಣ್ಣಗಿದ್ದರೆ ಒಳಗೂ ಬೇಯುತ್ತದೆ.

ಮೂರನೆಯದು ರಕ್ತದ ಚಟ್ನಿ. ಬೀಟ್ರೂಟ್ ತುರಿದು ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ, ಹಸಿಮೆಣಸಿನಕಾಯಿ, ಕಾಯಿತುರಿ, ಹುಣಸೆಹಣ್ಣು, ಉಪ್ಪು ಸೇರಿಸಿ ರುಬ್ಬಿದರೆ ಆಯಿತು. ಜಾಸ್ತಿ ಹೊತ್ತು ಬೇಯಿಸಿದರೆ ಬಣ್ಣ ಮಂಕಾಗುತ್ತದೆ. ಬೆರಳುಗಳನ್ನು ಇದರಲ್ಲಿ ಅದ್ದಿ ತಟ್ಟೆಯಲ್ಲಿ ಜೋಡಿಸಿ ಇಟ್ಟಾಗ, ಹಾಲು ಕೊಡಲು ಬಂದ ಪಕ್ಕದ ಮನೆ ದೊಡ್ಡಮ್ಮ "ಅಯ್ಯೋ ಶಿವನೇ" ಅಂತ ಹಿಂದೆ ಸರಿದರು. ಮಕ್ಕಳಿಗೆ ಅಲ್ಲಿಗೇ ಹೊಟ್ಟೆ ತುಂಬಿತ್ತು.

ನಾಲ್ಕನೆಯದು ಹೊಗೆ ಬಿಸ್ಕೆಟ್‌ಗೆ ನಾವು ಕೊಟ್ಟ ಉತ್ತರ. ಬೇಲಿಯಲ್ಲಿ ಬಿಡುವ ನೀಲಿ ಶಂಖಪುಷ್ಪ ಆರೇಳು ತಂದು, ಹಸಿರು ತೊಟ್ಟು ತೆಗೆದು ತೊಳೆದು, ಒಂದು ಲೋಟ ಬಿಸಿನೀರಿಗೆ ಹಾಕಿ. ಹತ್ತು ನಿಮಿಷದಲ್ಲಿ ನೀರು ಶಾಯಿಯಂತೆ ನೀಲಿ ಆಗುತ್ತದೆ. ಸೋಸಿ, ಸಕ್ಕರೆ ಹಾಕಿ, ಆರಿದ ಮೇಲೆ ಮಕ್ಕಳ ಕೈಯಲ್ಲೇ ನಿಂಬೆರಸ ಹಿಂಡಿಸಿ. ಕಣ್ಣ ಮುಂದೆಯೇ ನೀಲಿ ಹೋಗಿ ನೇರಳೆ ಬರುತ್ತದೆ. ನಿಂಬೆಯ ಹುಳಿಗೆ ಹೂವಿನ ಬಣ್ಣ ಬದಲಾಗುತ್ತದೆ, ಅಷ್ಟೇ ಗುಟ್ಟು. ಆರತಿ ನೀರಿನಲ್ಲಿ ಅರಿಶಿನ ಸುಣ್ಣಕ್ಕೆ ಸೇರಿ ಕೆಂಪಾಗುವುದೂ ಇಂಥದ್ದೇ ಆಟ, ಆದರೆ ಅದು ನೋಡಲಿಕ್ಕೆ ಮಾತ್ರ. ಅಕ್ಕನ ಮಗ ನಾಲ್ಕು ಸಲ ಲೋಟ ಬದಲಿಸಿ ಮಾಡಿ ನೋಡಿದ. ಹೊಗೆಯ ಮಾತು ಆಮೇಲೆ ಎತ್ತಲಿಲ್ಲ.

ಒಂದು ಎಚ್ಚರ. ಐದು ವರ್ಷದೊಳಗಿನ ಮಕ್ಕಳಿಗೆ ಶೇಂಗಾ ಬೀಜ ಇಡೀ ಆಗಲಿ, ಅರ್ಧ ಆಗಲಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರ ಬೆರಳಿಗೆ ಉಗುರು ಇಲ್ಲದಿದ್ದರೂ ನಡೆಯುತ್ತದೆ. ಚಿಕ್ಕವರು ಕೂತು ತಿನ್ನಲಿ, ಓಡುತ್ತಾ ಬೇಡ.

ಇಷ್ಟಕ್ಕೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಮ್ಮ ಮಗಳು ಒಂದನೇ ಕ್ಲಾಸು. ರಾತ್ರಿ ಹಿತ್ತಲ ಬಚ್ಚಲಿಗೆ ಹೋಗಲು ಅವಳಿಗೆ ಭಯ. ಎಲ್ಲರ ಫೋನಲ್ಲೂ ದೆವ್ವ ನೋಡಿ ನೋಡಿ ಈಗೀಗ ಅದು ಹೆಚ್ಚಾಗಿತ್ತು. ಅವಳ ಮುಂದೆ ಇದನ್ನೆಲ್ಲ ಮಾಡಬೇಕೋ ಬೇಡವೋ ಅಂತ ಮನೆಯಲ್ಲಿ ಚರ್ಚೆಯೇ ಆಯಿತು. ನಾವು ಚಿಕ್ಕವರಿದ್ದಾಗ, 1990ರ ದಶಕದಲ್ಲಿ, ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರು. ರಾತ್ರಿ ಬರುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ ಅನ್ನುವ ನಂಬಿಕೆ. ದೊಡ್ಡವರೇ ನಂಬಿ ಬರೆದಮೇಲೆ ನಮಗೆ ನಿದ್ದೆ ಎಲ್ಲಿ ಬರಬೇಕು? ಆ ಭಯ ಮಗಳಿಗೆ ಬೇಡ ಎಂಬುದು ನಮ್ಮ ಯೋಚನೆ.

ಕೊನೆಗೆ ಅವಳನ್ನೂ ಕೂರಿಸಿಕೊಂಡೆವು. ಮೊದಲ ಬುರುಡೆ ಮುಟ್ಟಲಿಲ್ಲ. ಎರಡನೆಯದಕ್ಕೆ ದ್ರಾಕ್ಷಿ ತಾನೇ ಇಟ್ಟಳು. ಒಂದು ಕಣ್ಣು ಮೇಲೆ, ಒಂದು ಕೆಳಗೆ ಆಯಿತು. "ಇದಕ್ಕೆ ಸರಿಯಾಗಿ ಕಾಣ್ಸಲ್ಲ, ಪಾಪ" ಅಂದಳು. ಆಮೇಲೆ ಅದನ್ನೇ ಮೊದಲು ತಿಂದಳು.

ಅವತ್ತಿನಿಂದ ಅವಳ ಭಯ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಈಗಲೂ ಬಚ್ಚಲಿಗೆ ಯಾರಾದರೂ ಟಾರ್ಚ್ ಹಿಡಿದು ಜೊತೆಗೆ ಹೋಗಬೇಕು. ಆದರೆ ಮೊದಲು ಅವಳು ಕಣ್ಣು ಮುಚ್ಚಿಕೊಂಡು ಸೆರಗು ಹಿಡಿದು ನಡೆಯುತ್ತಿದ್ದಳು. ಮೊನ್ನೆ ದಾರಿಯಲ್ಲಿ ನಿಂತು, "ಅಪ್ಪಾ, ಇಲ್ಲಿರೋ ದೆವ್ವಕ್ಕೂ ದ್ರಾಕ್ಷಿ ಕಣ್ಣಾ?" ಅಂತ ಕೇಳಿದಳು. ಪ್ರಶ್ನೆ ಕೇಳುವಷ್ಟು ಧೈರ್ಯ ಬಂದಿದೆ ಅನ್ನೋಣ.

ಮಕ್ಕಳಿಗೆ ಹೆದರಿಕೆ ಬೇಕು, ಅದು ಆಟ. ಅದನ್ನು ಫೋನಿಂದಲೋ ಅಂಗಡಿಯಿಂದಲೋ ತಂದರೆ ಒಳಗೆ ಏನು ಹಾಕಿದ್ದಾರೋ ನಮಗೆ ತಿಳಿಯದು. ಕೈಯಾರೆ ಮಾಡಿದರೆ ಅದರ ಹೊಟ್ಟೆಯಲ್ಲಿ ಬೆಲ್ಲ ಇದೆ ಅಂತ ಮಗುವಿಗೂ ಗೊತ್ತಿರುತ್ತದೆ. ಐದು ಮಕ್ಕಳ ಈ ತಿಂಡಿಗೆ ನಮಗಾದ ಖರ್ಚು 150 ರೂಪಾಯಿ ದಾಟಲಿಲ್ಲ. ದೀಪಾವಳಿಗೆ ಮತ್ತೆ ಎರಡು ಮೂರು ದಿನ ರಜೆ ಸಿಗುತ್ತದೆ. ಮಂಡಕ್ಕಿ ತಂದಿಟ್ಟುಕೊಳ್ಳಿ.