ಬಿಡುವಿಲ್ಲದವರ ಬ್ಯಾಂಡು

ಅಮೆರಿಕದ ನ್ಯಾಶ್‌ವಿಲ್ ಊರಿನ ಟೆಲಿಫೋನ್ ಕೋಡ್ 615. 1969ರಲ್ಲಿ ಅಲ್ಲಿನ ಸ್ಟುಡಿಯೋ ವಾದ್ಯಗಾರರು ಕೆಲವರು ಕೂಡಿ ಬ್ಯಾಂಡ್ ಕಟ್ಟಿದಾಗ ಹೆಸರಿಗಾಗಿ ತಲೆ ಕೆಡಿಸಿಕೊಳ್ಳದೆ ಏರಿಯಾ ಕೋಡ್ 615 ಎಂದೇ ಇಟ್ಟರು. ಆ ವರ್ಷ ಒಂದು ಆಲ್ಬಂ ಬಂತು, ಮರುವರ್ಷ ‘ಎ ಟ್ರಿಪ್ ಇನ್ ದ ಕಂಟ್ರಿ’ ಎಂಬ ಇನ್ನೊಂದು. ಅಲ್ಲಿಗೆ ಮುಗಿಯಿತು. ಕಂಟ್ರಿ ರಾಕ್ ಎಂದೊಡನೆ ಈಗಲ್ಸ್, ಬರ್ಡ್ಸ್ ಎನ್ನುವವರ ಬಾಯಲ್ಲೂ ಈ ಹೆಸರು ಬರುವುದಿಲ್ಲ.

ಹಾಗೆಂದು ಇವರ ನುಡಿಸಾಣಿಕೆ ಕಿವಿಗೆ ಬೀಳದವರು ಕಡಿಮೆ. ರಾಯ್ ಆರ್ಬಿಸನ್‌ನ ‘ಓ, ಪ್ರೆಟಿ ವುಮನ್’ ಹಾಡಿನ ಗಿಟಾರ್‌ಗಳಲ್ಲಿ ವೇಯ್ನ್ ಮಾಸ್‌ನದೂ ಒಂದು. ಬಾಬ್ ಡಿಲನ್‌ನ ‘ಬ್ಲಾಂಡ್ ಆನ್ ಬ್ಲಾಂಡ್’ಗೆ ಡ್ರಮ್ಸ್ ಬಾರಿಸಿದವನು ಕೆನ್ನಿ ಬಟ್ರಿ, ಚಾರ್ಲಿ ಮೆಕಾಯ್‌ನೂ ಅಲ್ಲಿದ್ದ. ಆ ಊರಲ್ಲಿ ರೆಕಾರ್ಡಿಂಗ್ ಎಂದರೆ ಮೂರು ಗಂಟೆಯ ಪಾಳಿ: ಬೆಳಿಗ್ಗೆ ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ಹಾಡನ್ನು ಒಮ್ಮೆ ಕೇಳಿಸಿಕೊಂಡು ಕಾರ್ಡ್‌ಗಳನ್ನು, ಅಂದರೆ ಸ್ವರಗುಚ್ಛಗಳನ್ನು, 1, 4, 5 ಎಂದು ಅಂಕಿಗಳಲ್ಲಿ ಗೀಚಿಕೊಂಡರೆ ಸಿದ್ಧತೆ ಆಯಿತು. ಗಾಯಕನ ಗಂಟಲಿಗೆ ಹೊಂದದಿದ್ದರೆ ಶ್ರುತಿ ಬದಲಿಸಬಹುದು, ಚೀಟಿ ಬದಲಿಸಬೇಕಿಲ್ಲ. ನಮ್ಮ ಸರಿಗಮ ಯಾವ ಶ್ರುತಿಗಾದರೂ ಕೂತುಕೊಳ್ಳುವ ಹಾಗೆ. ಗಿರಾಕಿ ಕೇಳಿದ್ದನ್ನು ಕೇಳಿದಷ್ಟೇ ಕೊಡುವುದು ಆ ಕಸುಬಿನ ಶಿಸ್ತು.

ಬ್ಯಾಂಡಿನಲ್ಲಿ ಮಾತ್ರ ಗಿರಾಕಿ ಇರಲಿಲ್ಲ. ‘ಹೇ ಜೂಡ್’, ‘ಲೇಡಿ ಮಡೋನಾ’ದಂಥ ಬೀಟಲ್ಸ್ ಹಾಡುಗಳು ಬ್ಯಾಂಜೋ, ಫಿಡಲ್, ಸ್ಟೀಲ್ ಗಿಟಾರ್‌ಗಳ ಕೈಗೆ ಸಿಕ್ಕವು. ನನಗೆ ಇವರಲ್ಲಿ ಹೆಚ್ಚು ಇಷ್ಟ ಬ್ಯಾಂಜೋದ ಬಾಬಿ ಥಾಂಪ್ಸನ್. ಬ್ಯಾಂಜೋ ಎಂದರೆ ಮೂರು ಬೆರಳಲ್ಲಿ ಗಡಗಡನೆ ಉರುಳಿಸಿ, ನಡುನಡುವೆ ರಾಗದ ಸುಳಿವು ಕೊಡುವುದು ರೂಢಿ. ಈತ ರಾಗದ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ, ಪಿಟೀಲಿನವರ ಹಾಗೆ ನುಡಿಸುವ ದಾರಿ ಹಿಡಿದವನು. ಈ ಗುಟ್ಟು ಬ್ಯಾಂಜೋದವರಿಗೆ ಗೊತ್ತು, ಉಳಿದವರಿಗೆ ಅವನ ಹೆಸರೂ ಗೊತ್ತಿಲ್ಲ.

ಊರೂರು ಸುತ್ತಿ ಕಛೇರಿ ಕೊಟ್ಟಿದ್ದರೆ ಬ್ಯಾಂಡು ಉಳಿಯುತ್ತಿತ್ತೇನೋ. ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ವೆಸ್ಟ್ ವೇದಿಕೆಯನ್ನೇನೋ ಹತ್ತಿದರು. ಆದರೆ ಹೊರಗೆ ಹೋದ ವಾರವೆಂದರೆ ಪಾಳಿಗಳ ಸಂಬಳ ಹೋದಂತೆ; ಮೇಲಾಗಿ ಆ ಜಾಗದಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಸಂಸಾರಸ್ಥರು, ಸ್ಟುಡಿಯೋಗೆ ಮರಳಿದರು. ಮಾಸ್ ಮತ್ತು ಇದೇ ಬ್ಯಾಂಡಿನ ಮ್ಯಾಕ್ ಗೇಡನ್ ಸೇರಿ ಬೇರ್‌ಫುಟ್ ಜೆರ್ರಿ ಎಂಬ ಬ್ಯಾಂಡ್ ಶುರುಮಾಡಿದರು, ಅದೂ ದೊಡ್ಡ ಹೆಸರು ಮಾಡಲಿಲ್ಲ. ಎರಡನೆಯ ಆಲ್ಬಮ್ಮಿನ ‘ಸ್ಟೋನ್ ಫಾಕ್ಸ್ ಚೇಸ್’ ಮಾತ್ರ, ಮೆಕಾಯ್‌ನ ಮೌತ್ ಆರ್ಗನ್ ಸಮೇತ, ಬಿಬಿಸಿಯ ‘ಓಲ್ಡ್ ಗ್ರೇ ವಿಸಲ್ ಟೆಸ್ಟ್’ ಕಾರ್ಯಕ್ರಮದ ಶೀರ್ಷಿಕೆ ಸಂಗೀತವಾಗಿ ಇಂಗ್ಲೆಂಡಿನ ಮನೆಮನೆಯಲ್ಲಿ ಮೊಳಗಿತು. ಅದು ಯಾರದೆಂದು ಎಷ್ಟು ಜನ ವಿಚಾರಿಸಿದರೋ!

ಬ್ಯಾಂಡನ್ನು ನುಂಗಿದ ಆ ಕೆಲಸವೂ ಈಗ ಮೊದಲಿನಂತಿಲ್ಲ. ಡ್ರಮ್ಸನ್ನು ಕಂಪ್ಯೂಟರಿನಲ್ಲೇ ಕೂರಿಸಿ, ಹಾಡನ್ನು ಮಲಗುವ ಕೋಣೆಯಲ್ಲೇ ಮುಗಿಸಬಹುದು. ಸ್ಟುಡಿಯೋಗಳಿದ್ದ ಮ್ಯೂಸಿಕ್ ರೋ ಬೀದಿಗಳಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದಾರೆ. 2019ರಲ್ಲಿ ಆ ಪ್ರದೇಶ ಅಮೆರಿಕದ ಅಪಾಯದಲ್ಲಿರುವ ಚಾರಿತ್ರಿಕ ತಾಣಗಳ ಪಟ್ಟಿ ಸೇರಿತು. ಕ್ಯಾಸೆಟ್, ಎಲ್‌ಪಿ ಕಾಲದಲ್ಲಿ ಹೊದಿಕೆ ತಿರುಗಿಸಿದರೆ ಯಾರು ಏನು ನುಡಿಸಿದರೆಂದು ತಿಳಿಯುವ ಸಾಧ್ಯತೆಯಾದರೂ ಇತ್ತು. ಫೋನಿನ ಪರದೆಯ ಮೇಲೆ ಗಾಯಕನ ಮುಖ ಬಿಟ್ಟರೆ ಬೇರೇನೂ ಕಾಣದು.

ಬಟ್ರಿ 2004ರಲ್ಲಿ ತೀರಿಕೊಂಡ. ನೀಲ್ ಯಂಗ್‌ನ ‘ಹಾರ್ವೆಸ್ಟ್’ಗೆ ಬಾರಿಸುವಾಗ ಇದು ಬೇಡ, ಅದು ಬೇಡ ಎಂದು ಕಡಿತಗೊಳಿಸುತ್ತ ಬಂದ ಯಂಗ್‌ನ ಅಪೇಕ್ಷೆಯಂತೆ, ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಎಡಗೈಯಲ್ಲಿ ಬಾರಿಸಿದ್ದೂ ಉಂಟೆಂದು ಅವನೇ ಹೇಳಿಕೊಂಡಿದ್ದಾನೆ. ಆ ಆಲ್ಬಂ 1972ರ ಅತ್ಯಂತ ಜನಪ್ರಿಯ ಆಲ್ಬಮ್‌ಗಳಲ್ಲೊಂದು. ಎರಡೂ ಕೈ ಬಿಚ್ಚಿ ಬಾರಿಸಿದ ಏರಿಯಾ ಕೋಡ್ 615ರ ಆಲ್ಬಮ್‌ಗಳನ್ನು ಕೊಂಡವರು ಬೆರಳೆಣಿಕೆಯವರು.